ಹಿತ್ತಲು ಅವುಗಳ ದಾರಿಯೂ ಹೌದು

ಮೂಡಿಗೆರೆ ಕಡೆ ಹಿತ್ತಲು ಎಂದರೆ ಕಾಂಪೌಂಡ್ ಒಳಗಿನ ಜಾಗ ಅಲ್ಲ. ಅಡುಗೆಮನೆಯ ಹಿಂಬಾಗಿಲಿಂದ ಅದು ಶುರುವಾಗುತ್ತದೆ. ಕೆಸು, ಅರಿಶಿನ, ಬಸಳೆ ಚಪ್ಪರ, ಬಾಳೆ ದಾಟಿದ ಮೇಲೆ ಯಾವುದೋ ಒಂದು ಕಾಫಿ ಗಿಡದ ಬುಡದಲ್ಲಿ ಹಿತ್ತಲು ಮುಗಿದು ತೋಟ ಶುರುವಾಗಿರುತ್ತದೆ. ತೋಟದ ಕೆಳಗೆ ಹಳ್ಳ. ಹಳ್ಳದ ಆಚೆ ಕಾಡು. ಬೇಲಿ ಇದೆ, ಆದರೆ ಅದು ದನಕ್ಕೆ ಮತ್ತು ಪಕ್ಕದ ತೋಟದ ಗಡಿಗೆ ಅಂತ ಹಾಕಿದ್ದು. ಕಾಡಿನ ಕಡೆಯಿಂದ ಬರುವ ಯಾವುದನ್ನೂ ಅದು ತಡೆದಿಲ್ಲ.

ಬೆಂಗಳೂರಿನಿಂದ ಬಂದ ನೆಂಟರು, "ನಿಮ್ಮನೆ ಹತ್ರ ಪ್ರಾಣಿ ಬರುತ್ತಾ?" ಅಂತ ಆಸೆಯಿಂದ ಕೇಳುತ್ತಾರೆ. ಊರಿನವರು, "ಈ ಸಲ ಹಂದಿ ಏನಾದ್ರೂ ಉಳಿಸಿದ್ಯಾ?" ಅಂತ ಬೇಸರದಿಂದ ಕೇಳುತ್ತಾರೆ. ಎರಡೂ ನನಗೆ ಅರ್ಥವಾಗುತ್ತದೆ. ಕೆಂಜಳಿಲು ಹಲಸಿನ ಕೊಂಬೆಯಿಂದ ಕೊಂಬೆಗೆ ನೆಗೆಯುವುದನ್ನು ನೋಡಲು ನಾನು ಈಗಲೂ ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಗೆ ಬರುತ್ತೇನೆ. ಒಂದೇ ರಾತ್ರಿಯಲ್ಲಿ ಗೆಣಸಿನ ಪಾತಿ ಪೂರ್ತಿ ಮಗುಚಿ ಹೋದಾಗ ಅಳುವಷ್ಟು ಬೇಜಾರೂ ಆಗುತ್ತದೆ.

ಇಷ್ಟು ವರ್ಷ ಈ ಹಿತ್ತಲಲ್ಲಿ ಮಣ್ಣು ಕೆದಕಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಒಂದೇ. ಬರುವ ಪ್ರಾಣಿಗೆ ಊಟ ಹಾಕಬಾರದು, ಉರುಳೂ ಹಾಕಬಾರದು. ಪ್ರೀತಿಯಿಂದ ಬಾಳೆಹಣ್ಣು ಚಾಚುವವರು, ಸಿಟ್ಟಿನಿಂದ ತಂತಿ ಕಟ್ಟುವವರು, ಇಬ್ಬರೂ ಅದನ್ನು ಕಾಡುಪ್ರಾಣಿಯಾಗಿ ಉಳಿಯಲು ಬಿಡುವುದಿಲ್ಲ. ಅದು ಬರಲಿ, ಹೋಗಲಿ. ನಮ್ಮ ಹಿತ್ತಲು ಅದರ ದಾರಿಯಾಗಿರಲಿ, ಛತ್ರ ಆಗುವುದು ಬೇಡ.

ಕಬ್ಬೆಕ್ಕಿನ, ಅಂದರೆ ಪುನುಗಿನ ಬೆಕ್ಕಿನ ಬಳಗದ ಪ್ರಾಣಿಯ ವಿಷಯ ಮೊದಲು ಹೇಳುತ್ತೇನೆ. ಹೀಗೆ ಬಂದು ಹೋಗುವುದು ಅದಕ್ಕೆ ಚೆನ್ನಾಗಿ ಗೊತ್ತು. ಕಣ್ಣಿಗೆ ಬೀಳುವುದೇ ಅಪರೂಪ. ರಾತ್ರಿ ಹೆಂಚಿನ ಮೇಲೆ ಹಗುರವಾದ ಹೆಜ್ಜೆ ಕೇಳಿಸಿದರೆ ಅದೇ ಇರಬೇಕು ಅಂದುಕೊಳ್ಳುತ್ತೇವೆ. ನವೆಂಬರ್ ಹೊತ್ತಿಗೆ ಅರೇಬಿಕಾ ಕೆಂಪಾಗುತ್ತದಲ್ಲ, ಆಗ ಹಿತ್ತಲಿನ ಕಲ್ಲುಕಟ್ಟೆ ಮೇಲೆ, ಬಿದ್ದ ಮರದ ದಿಮ್ಮಿ ಮೇಲೆ ಅದರ ಹಿಕ್ಕೆ ಕಾಣಿಸುತ್ತದೆ. ಹೆಚ್ಚುಕಡಿಮೆ ಪ್ರತಿ ಸಲವೂ ಅದೇ ಜಾಗ. ಒಣಗಿದ ಮೇಲೆ ಕಡ್ಡಿಯಿಂದ ಬಿಡಿಸಿ ನೋಡಿದರೆ ತುಂಬ ಕಾಫಿ ಬೀಜ. ಮೇಲಿನ ಸಿಪ್ಪೆ, ಲೋಳೆ ಎಲ್ಲ ಹೋಗಿರುತ್ತದೆ. ಬೀಜದ ಮೇಲಿನ ತೆಳು ಹೊಟ್ಟು ಮಾತ್ರ ಹಾಗೇ ಇರುತ್ತದೆ. ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರಕ್ಕೆ ಹಾಕಿದ ಹಣ್ಣಿನಲ್ಲಿ ಒಂದಷ್ಟು ಬೀಜವಾದರೂ ಜಜ್ಜಿ ಹೋಗುತ್ತವೆ. ಇದರಲ್ಲಿ ಒಂದೊಂದೂ ಇಡಿಯಾಗಿ, ಅಂಟಿಕೊಂಡು ಕೂತಿರುತ್ತದೆ. ಅರೆಗೆಂಪು ಕಾಯಿ ಕೀಳಬೇಡಿ, ಪೂರ್ತಿ ಹಣ್ಣಾದದ್ದನ್ನು ಮಾತ್ರ ಕೀಳಿ ಅಂತ ಕೊಯ್ಲಿನವರಿಗೆ ನಾವು ದಿನವಿಡೀ ಹೇಳುತ್ತಿರುತ್ತೇವೆ. ಕಬ್ಬೆಕ್ಕಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ.

ಕಾಫಿ ಮುಗಿದ ಮೇಲೆ ಅದೇ ಕಟ್ಟೆಯ ಮೇಲೆ ಬೈನೆ ಬೀಜ, ಅತ್ತಿ ಹಣ್ಣಿನ ಸಣ್ಣ ಸಣ್ಣ ಕಾಳು, ಒಮ್ಮೊಮ್ಮೆ ಯಾವುದೋ ಹುಳದ ರೆಕ್ಕೆ. ಬೈನೆ ಹಣ್ಣಿನ ರಸ ತಾಗಿದರೆ ನಮ್ಮ ಕೈ ತುರಿಸಿ ತುರಿಸಿ ಕೆಂಪಾಗುತ್ತದೆ. ಕಬ್ಬೆಕ್ಕು, ಮಂಗಟ್ಟೆ ಹಕ್ಕಿ ಅದನ್ನೇ ತಿಂದು ಬೀಜವನ್ನು ಎಲ್ಲಿಗೋ ದಾಟಿಸುತ್ತವೆ. ನಮ್ಮ ಬೇಲಿ ಸಾಲಿನಲ್ಲಿರುವ ಬೈನೆ ಮರಗಳನ್ನು ಮನೆಯವರು ಯಾರೂ ನೆಟ್ಟದ್ದಲ್ಲ.

ಈ ಹಿಕ್ಕೆಯಿಂದ ತೆಗೆದ ಕಾಫಿಗೆ ಪೇಟೆಯಲ್ಲಿ ವಿಪರೀತ ಬೆಲೆ ಇದೆ ಅಂತ ಈಗ ಎಲ್ಲರಿಗೂ ಗೊತ್ತು. ಕಾಡಿನಲ್ಲಿ ಬಿದ್ದದ್ದನ್ನು ಆರಿಸುವುದು ಒಂದು ಮಾತು. ಆದರೆ ಬೇಡಿಕೆ ಜಾಸ್ತಿಯಾದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ಇಂಡೋನೇಷ್ಯಾದಲ್ಲಿ ಇದೇ ವ್ಯಾಪಾರಕ್ಕೆ ಈ ಪ್ರಾಣಿಯನ್ನು ಇಷ್ಟಗಲದ ತಂತಿ ಪಂಜರದಲ್ಲಿ ಕೂಡಿಹಾಕಿ ಕಾಫಿ ಹಣ್ಣು ತಿನ್ನಿಸುತ್ತಾರೆ. ಒಂದು ರಾತ್ರಿಯಲ್ಲಿ ತೋಟದಿಂದ ತೋಟಕ್ಕೆ ತಿರುಗುವ ಜೀವ ಅದು. ನಮ್ಮ ಕಟ್ಟೆಯ ಮೇಲಿನದ್ದು ಅಲ್ಲೇ ಇರಲಿ, ಮಳೆಗೆ ತೊಳೆದು ಗಿಡದ ಬುಡಕ್ಕೆ ಹೋಗಲಿ. ನಾನು ಅದನ್ನು ಮುಟ್ಟುವುದಿಲ್ಲ.

ಯಾರು ಬರುತ್ತಾರೆ ಎನ್ನುವುದು ನಾವು ಹೊರಗೆ ಏನು ಬಿಟ್ಟಿದ್ದೇವೆ ಎನ್ನುವುದರ ಮೇಲೆ ಇದೆ. ಇದನ್ನು ನಾನು ಕಲಿತದ್ದು ನಮ್ಮತ್ತೆಯವರಿಂದ. ಕೋಳಿಗೆ ನುಚ್ಚು ಹಾಕಿದರೆ ಹೊತ್ತು ಮುಳುಗುವ ಮೊದಲೇ ಅಂಗಳ ಗುಡಿಸಿ, ಒಂದು ಕಾಳೂ ಉಳಿಯದ ಹಾಗೆ ಎತ್ತಿಬಿಡುತ್ತಾರೆ. ಮೊದಮೊದಲು ಅದು ಸುಮ್ನೆ ಶಿಸ್ತು ಅಂದುಕೊಂಡಿದ್ದೆ. ನುಚ್ಚು ಉಳಿದರೆ ಇಲಿ, ಹೆಗ್ಗಣ. ಇಲಿ ಇದ್ದರೆ ಸೌದೆ ಕೊಟ್ಟಿಗೆಗೆ ಕೇರೆ ಹಾವು. ಕೇರೆ ಇದ್ದರೆ ಅದರ ಹಿಂದೆ ಕಾಳಿಂಗ. ನಮ್ಮ ಘಟ್ಟದ ಕಾಳಿಂಗ ಬೇರೆ ಕಡೆಯದ್ದಕ್ಕಿಂತ ಬೇರೆಯದೇ ಜಾತಿ ಅಂತ ವಿಜ್ಞಾನಿಗಳು 2024ರಲ್ಲಿ ಗುರುತಿಸಿ, ಅದಕ್ಕೆ ಓಫಿಯೋಫೇಗಸ್ ಕಾಳಿಂಗ ಎಂದೇ ಹೆಸರಿಟ್ಟರು. ಅದರ ಊಟ ಹೆಚ್ಚಾಗಿ ಬೇರೆ ಹಾವುಗಳೇ. ಮಳೆಗಾಲ ಹಿಡಿಯುವ ಮೊದಲು ಹೆಣ್ಣು ಹಾವು ಮೈಯಿಂದಲೇ ತರಗೆಲೆ ಬಳಿದು ಗುಡ್ಡೆ ಮಾಡಿ, ಅದರೊಳಗೆ ಮೊಟ್ಟೆ ಇಟ್ಟು ಕಾಯುತ್ತದೆ.

ಒಂದು ಏಪ್ರಿಲ್‌ನಲ್ಲಿ ಕೊಟ್ಟಿಗೆ ಹಿಂದೆ ಬಂದಿತ್ತು. ಬಣ್ಣ ಒದ್ದೆ ತರಗೆಲೆಯದ್ದು, ಮೈಮೇಲೆ ಮಾಸಲು ಪಟ್ಟೆ. ಬಾಲ ಇನ್ನೂ ಕಾಫಿ ಗಿಡದೊಳಗೇ ಇತ್ತು. ನಾವು ಹೊರಗೆ ಬಂದದ್ದು ತಿಳಿದು ತಲೆ ಎತ್ತಿತು, ನಾಲಿಗೆ ಎರಡು ಸಲ ಹೊರಗೆ ಬಂದು ಹೋಯಿತು. ಫೋನ್ ಮಾಡಿ ಯಾರನ್ನಾದರೂ ಕರೆಸೋಣ ಅಂತ ಮನೆಯವರು ಓಡಾಡುತ್ತಿದ್ದರೆ ಅತ್ತೆ ನಾಯಿಯನ್ನು ಒಳಗೆ ಕೂಡಿ, ಬಾಗಿಲಿಗೆ ಅಡ್ಡ ನಿಂತರು. "ಯಾರೂ ಅಡ್ಡ ಹೋಗ್ಬೇಡಿ. ಅದು ಇಲ್ಲಿಗೆ ಅಂತ ಬಂದಿದ್ದಲ್ಲ, ಹೋಗ್ತಾ ಇದೆ" ಅಂದರು. ಸ್ವಲ್ಪ ಹೊತ್ತಿಗೆ ತಲೆ ಇಳಿಸಿತು. ಗೊಬ್ಬರದ ಗುಂಡಿ ಪಕ್ಕದಿಂದ ಹಳ್ಳದ ಕಡೆ ಇಳಿದು ಹೋಯಿತು. ಮನೆಯೊಳಗೆ ಬಂದಿದ್ದರೆ, ಮೂಲೆಯಲ್ಲಿ ಸಿಕ್ಕಿಕೊಂಡಿದ್ದರೆ ಬಲ್ಲವರನ್ನು ಕರೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ದಾರಿ ಬಿಟ್ಟರೆ ಹೋಗುವ ಹಾವನ್ನು ಹಿಡಿಸಿ ಚೀಲಕ್ಕೆ ತುಂಬಿಸುವುದು ಯಾಕೆ?

ಮಂಗಗಳ ವಿಷಯ ಇಷ್ಟು ಸಲೀಸಲ್ಲ. ಕಪ್ಪು ಮುಖದ ಮುಸುವಗಳು ಎಲೆ, ಚಿಗುರು, ಹೂವು ತಿಂದುಕೊಂಡು ಮರದ ಮೇಲೇ ಹೆಚ್ಚು ಇರುತ್ತವೆ. ಮನೆಯೊಳಗೆ ಬರುವವು ಕೆಂಪು ಮಂಗಗಳು. ಹಿಂದೆ ಅವು ಪೇರಳೆ ಮರಕ್ಕೆ ಬಂದು ಹೋಗುತ್ತಿದ್ದವು, ಕೂಗಿದರೆ ಓಡುತ್ತಿದ್ದವು ಅಂತ ಹಿರಿಯರು ಹೇಳುತ್ತಾರೆ. ಈಗಿನವು ಹೆಂಚು ಸರಿಸಿ ಅಟ್ಟಕ್ಕೆ ಇಳಿಯುತ್ತವೆ. ಫ್ರಿಜ್ ಬಾಗಿಲು ತೆಗೆಯುತ್ತವೆ.

ಯಾಕೆ ಹೀಗಾಯಿತು ಎನ್ನುವುದು ಚಾರ್ಮಾಡಿ ಘಾಟಿಯಲ್ಲಿ ಒಂದು ಭಾನುವಾರ ನಿಂತರೆ ಕಾಣುತ್ತದೆ. ಕಾರು ನಿಲ್ಲಿಸುತ್ತಾರೆ, ಮಕ್ಕಳ ಕೈಗೆ ಚಿಪ್ಸ್ ಕೊಟ್ಟು "ಹಾಕು ಪುಟ್ಟಾ" ಅನ್ನುತ್ತಾರೆ. ಅಲ್ಲಿ ಒಂದು ತಾಯಿ ಮಂಗವನ್ನು ಹತ್ತಿರದಿಂದ ನೋಡಿದ್ದೇನೆ. ಚಿಪ್ಸ್ ಪ್ಯಾಕೆಟ್ಟಿನ ಮೂಲೆಯನ್ನೇ ಹುಡುಕಿ ಹಲ್ಲಿನಿಂದ ಸೀಳಿತು. ತಿಂದಾದ ಮೇಲೆ ಕವರನ್ನು ಒಳಗು ಹೊರಗು ಮಾಡಿ, ಅಂಟಿದ ಉಪ್ಪುಖಾರ ನೆಕ್ಕಿತು. ಹೊಟ್ಟೆಗೆ ಅಂಟಿಕೊಂಡಿದ್ದ ಮರಿ ಕೈ ಚಾಚಿ ಆ ಕವರ್ ಮುಟ್ಟುತ್ತಿತ್ತು. ಆ ಮರಿಗೆ ಕವರಿನ ಚರಚರ ಸದ್ದು ಅಂದರೆ ಊಟ. ಮನುಷ್ಯ ಅಂದರೆ ಊಟ. ಅದು ದೊಡ್ಡದಾಗಿ ನನ್ನ ಅಡುಗೆಮನೆ ಕಿಟಕಿಯಲ್ಲಿ ಕೂತರೆ ತಪ್ಪು ಅದರದ್ದಾ?

ಇನ್ನೊಂದು ಸಂಕಟವೂ ಇದೆ. ಪೇಟೆಯಲ್ಲಿ ಕಾಟ ಅಂತ ಹಿಡಿದ ಮಂಗಗಳನ್ನು ರಾತ್ರಿ ಗಾಡಿಯಲ್ಲಿ ತಂದು ಕಾಡಂಚಿನ ಊರುಗಳ ಹತ್ತಿರ ಬಿಟ್ಟು ಹೋಗುತ್ತಾರೆ. ಪೇಟೆಯಲ್ಲಿ ಹುಟ್ಟಿದ ಮಂಗಕ್ಕೆ ಕಾಡಿನಲ್ಲಿ ಯಾವ ಹಣ್ಣು ಯಾವಾಗ ಎಂದು ಹೇಗೆ ಗೊತ್ತಾಗಬೇಕು? ಮೊದಲು ಕಂಡ ಹೆಂಚಿನ ಮನೆಗೇ ಬರುತ್ತದೆ. ಮಂಗಕ್ಕೂ ಕಷ್ಟ, ನಮಗೂ ಕಷ್ಟ, ಅಲ್ಲಿ ಮೊದಲೇ ಇದ್ದ ಗುಂಪಿಗೂ ಕಷ್ಟ.

ಜೊತೆಗೆ ಕಾಯಿಲೆಯ ಭಯ. ಮಂಗನ ಕಾಯಿಲೆ ಮೊದಲು ಕಂಡದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2024ರಲ್ಲಿ ನಮ್ಮ ಜಿಲ್ಲೆಯ ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಕಡೆಯೂ ಜನರಿಗೆ ಬಂತು. ಹರಡುವುದು ರಕ್ತ ಹೀರುವ ಉಣ್ಣೆ ಹುಳದಿಂದ. ಸತ್ತ ಮಂಗದ ಮೈಯಿಂದ ಉಣ್ಣೆಗಳು ನೆಲಕ್ಕೆ ಇಳಿಯುತ್ತವೆ. ಹಾಗಾಗಿ ಹಿತ್ತಲಲ್ಲಿ ಅಥವಾ ತೋಟದಲ್ಲಿ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗಬೇಡಿ, ಹೂಳಲೂ ಹೋಗಬೇಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಬೇಸಿಗೆಯಲ್ಲಿ ತರಗು ತರಲು, ಸೌದೆ ತರಲು ಕಾಡಿಗೆ ಹೋಗುವವರು ಉಣ್ಣೆ ಹತ್ತದ ಎಣ್ಣೆ ಹಚ್ಚಿಕೊಂಡು, ಮೈತುಂಬ ಬಟ್ಟೆ ಹಾಕಿಕೊಂಡು ಹೋಗಬೇಕು. ಮನೆಗೆ ಬಂದು ಬಿಸಿನೀರಿನ ಸ್ನಾನ. ಮಂಗ ನಮ್ಮ ಹತ್ತಿರ ಬರದೆ ದೂರ ಇದ್ದರೇ ಒಳ್ಳೆಯದು ಎನ್ನಲು ಇದೊಂದೇ ಸಾಕು.

ನಾವು ಮಾಡಿಕೊಂಡಿರುವುದು ದೊಡ್ಡದೇನಲ್ಲ. ಅಡುಗೆಮನೆ ಕಿಟಕಿಗೆ ಗಟ್ಟಿ ಮೆಶ್. ಮುಸುರೆ, ಹಣ್ಣಿನ ಸಿಪ್ಪೆ ಎಲ್ಲ ಮುಚ್ಚಳ ಇರುವ ಗುಂಡಿಗೆ. ಬಾಳೆಗೊನೆ ಮರದಲ್ಲೇ ಹಣ್ಣಾಗಲು ಬಿಡುವುದಿಲ್ಲ, ಬಲಿತ ತಕ್ಷಣ ಕಡಿದು ಒಳಗೆ ಕಟ್ಟುತ್ತೇವೆ. ಮನೆಗೆ ತಾಗಿದ ಜಾಗದಲ್ಲಿ ಅರಿಶಿನ, ಶುಂಠಿ, ಸೂಜಿಮೆಣಸು, ದೊಡ್ಡಪತ್ರೆ, ಕರಿಬೇವು, ಹೇರಳೆ. ಇವನ್ನು ಯಾವ ಪ್ರಾಣಿಯೂ ಅಷ್ಟಾಗಿ ಕೇಳುವುದಿಲ್ಲ. ಪಪ್ಪಾಯಿಯನ್ನು ಮನೆ ಹತ್ತಿರ ಬೆಳೆಸುವುದನ್ನು ಬಿಟ್ಟೆವು. ಪೇರಳೆ, ನೇರಳೆ, ಅತ್ತಿ ಎಲ್ಲ ಹಳ್ಳದ ದಿಕ್ಕಿಗೆ.

"ಹಾಗಾದ್ರೆ ಅದೂ ಊಟ ಹಾಕಿದ ಹಾಗೇ ಆಯ್ತಲ್ವಾ?" ಅಂತ ನನ್ನ ತಂಗಿ ಕೇಳಿದ್ದಳು. ನನಗೆ ಹಾಗನ್ನಿಸುವುದಿಲ್ಲ. ಮರದಲ್ಲಿ ಬಿಟ್ಟ ಹಣ್ಣನ್ನು ಪ್ರಾಣಿ ತನ್ನ ಕಾಲದಲ್ಲಿ ತಾನೇ ಹುಡುಕಿಕೊಂಡು ತಿನ್ನುತ್ತದೆ. ಅದರಲ್ಲಿ ಮನುಷ್ಯನ ಕೈ ಇಲ್ಲ, ಅವನ ವಾಸನೆ ಇಲ್ಲ. ಹಣ್ಣು ಮುಗಿದರೆ ಮುಂದಕ್ಕೆ ಹೋಗುತ್ತದೆ. ಕೈಯಲ್ಲಿ ಹಿಡಿದು ಕೊಟ್ಟ ಹಣ್ಣು ಮುಗಿದರೆ ಇನ್ನೊಂದು ಕೈಯನ್ನೇ ಹುಡುಕುತ್ತದೆ.

ಮರಗಳ ಮಾತು ಬಂದದ್ದರಿಂದ ಒಂದು ವಿಷಯ ಹೇಳಲೇಬೇಕು. ನಮ್ಮ ಕಾಫಿ ನೆರಳಿನಲ್ಲಿ ಬೆಳೆಯುವುದು. ಅತ್ತಿ, ಬಸರಿ, ಗೋಣಿ, ಹಲಸು, ನಂದಿ ಎಲ್ಲ ನೆರಳಿನ ಮರಗಳೇ. ಈಗ ತೋಟದಿಂದ ತೋಟಕ್ಕೆ ಸಿಲ್ವರ್ ಓಕ್ ಮರವೇ ಜಾಸ್ತಿ. ಬೇಗ ಬೆಳೆಯುತ್ತದೆ, ನೇರ ಹೋಗುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಸರಿ, ಕಡಿದು ಮಾರಲೂ ತಾಪತ್ರಯ ಕಡಿಮೆ. ಸಾಲ ಇರುವ ಬೆಳೆಗಾರ ಸಿಲ್ವರ್ ನೆಟ್ಟರೆ ಬೈಯಲು ನನಗೆ ಬಾಯಿ ಬರುವುದಿಲ್ಲ. ಆದರೆ ಅದು ಆಸ್ಟ್ರೇಲಿಯಾದ ಮರ. ಕೆಂಜಳಿಲಿಗೆ, ಕುಟ್ರ ಹಕ್ಕಿಗೆ, ಕಬ್ಬೆಕ್ಕಿಗೆ ಅದರಲ್ಲಿ ತಿನ್ನುವಂಥ ಹಣ್ಣು ಇಲ್ಲ. ಒಂದು ಬಸರಿ ಮರ ಹಣ್ಣು ಬಿಟ್ಟ ವಾರ ಅದರ ಕೆಳಗೆ ನಿಂತು ನೋಡಿ. ಹಗಲು ಹಸಿರು ಪಾರಿವಾಳ, ಕುಟ್ರ, ಪಿಕಳಾರ, ಮಂಗಟ್ಟೆ. ರಾತ್ರಿ ಬಾವಲಿ, ಕಬ್ಬೆಕ್ಕು. ನೆಲಕ್ಕೆ ಬಿದ್ದದ್ದಕ್ಕೆ ಬರ್ಕ (ಮೌಸ್ ಡೀರ್), ಕಾಡುಕುರಿ. ಅಂಥ ಮರ ಕಡಿದ ಮೇಲೆ ಆ ಹೊಟ್ಟೆಗಳೆಲ್ಲ ನಮ್ಮ ಹಿತ್ತಲ ಕಡೆ ತಿರುಗುವುದು ಸಹಜ ಅಲ್ವಾ?

ಇನ್ನು ಹಂದಿ. ಕಾಡುಹಂದಿಯಷ್ಟು ಕಣ್ಣೀರು ಹಾಕಿಸುವ ಪ್ರಾಣಿ ನಮ್ಮ ಕಡೆ ಸಣ್ಣ ಹಿಡುವಳಿದಾರರಿಗೆ ಬೇರೆ ಇಲ್ಲ. ಕೆಸು, ಗೆಣಸು, ಸುವರ್ಣಗೆಡ್ಡೆ, ಗದ್ದೆಯ ಭತ್ತ ಏನನ್ನೂ ಬಿಡುವುದಿಲ್ಲ. ಎರೆಹುಳಕ್ಕಾಗಿ ಒದ್ದೆ ಮಣ್ಣನ್ನು ಉತ್ತ ಹಾಗೆ ಮಾಡಿ ಹೋಗುತ್ತದೆ. ಬೆಳೆ ಹಾನಿಗೆ ಅರಣ್ಯ ಇಲಾಖೆಯ ಪರಿಹಾರ ಇದೆ. ಆದರೆ ಹಿತ್ತಲಿನ ನಾಲ್ಕು ಪಾತಿ ಕೆಸುವಿಗೆ ಯಾರು ಪಹಣಿ ಹಿಡಿದುಕೊಂಡು ಅಲೆಯುತ್ತಾರೆ?

ಆ ಸಿಟ್ಟಿನಲ್ಲೇ ಉರುಳು ಬೀಳುವುದು. ಬೈಕಿನ ಹಳೇ ಕ್ಲಚ್ ವೈರ್ ಸಾಕು. ಬೇಲಿಯ ಕೆಳಗೆ ಹಂದಿ ನುಸುಳಿ ನುಸುಳಿ ನುಣುಪಾದ ಕಂಡಿ ಇರುತ್ತದೆ. ಮುಳ್ಳುತಂತಿಗೆ ಅದರ ಒರಟು ಕೂದಲು ಸಿಕ್ಕಿಕೊಂಡಿರುತ್ತದೆ. ಅಲ್ಲಿ ಕುಣಿಕೆ ಹಾಕಿ, ಇನ್ನೊಂದು ತುದಿಯನ್ನು ಗೂಟಕ್ಕೋ ಕಾಫಿ ಗಿಡದ ಬುಡಕ್ಕೋ ಬಿಗಿಯುತ್ತಾರೆ. ಅಂಥದ್ದೊಂದನ್ನು ನಾನು ಕೈಯಾರೆ ಬಿಚ್ಚಿದ್ದೇನೆ. ತಂತಿ ಸಣ್ಣ, ಹಗುರ, ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಎಳೆದಷ್ಟೂ ಬಿಗಿಯುತ್ತದೆ, ಸಡಿಲವಾಗುವುದಿಲ್ಲ. ಆ ಕಂಡಿಯಲ್ಲಿ ಹಂದಿ ಮಾತ್ರ ನುಸುಳುವುದಿಲ್ಲ. ಮುಳ್ಳುಹಂದಿ, ಬರ್ಕ, ಊರಿನ ನಾಯಿ, ಚಿರತೆ ಎಲ್ಲವೂ ಅದೇ ದಾರಿ. ಕಾಫಿ ತೋಟದ ಬೇಲಿಯಲ್ಲಿ ಹಂದಿಯ ಉರುಳಿಗೆ ಸೊಂಟ ಸಿಕ್ಕಿ, ಬಿಡಿಸಿಕೊಳ್ಳಲು ಎಳೆದೂ ಎಳೆದೂ ಒಳಗೇ ರಕ್ತಸ್ರಾವವಾಗಿ ಚಿರತೆಗಳು ಸಾಯುವುದು ನಮ್ಮ ಮಲೆನಾಡಿನಲ್ಲಿ ಹೊಸ ಸುದ್ದಿಯೇ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಉರುಳು ಹಾಕುವುದೂ ಬೇಟೆಯೇ. ಬೇಲಿಗೆ ಕಳ್ಳ ಕರೆಂಟ್ ಹಾಯಿಸುವುದು ಇನ್ನೂ ಘೋರ. ಅದರಲ್ಲಿ ಆನೆಯೂ ಸಾಯುತ್ತದೆ, ದನ ಹುಡುಕಿಕೊಂಡು ಹೋದ ಮನುಷ್ಯನೂ ಸಾಯುತ್ತಾನೆ.

ಗೆಡ್ಡೆ ಬೆಳೆಯನ್ನು ನಾವು ಈಗ ಮನೆ ಗೋಡೆಗೆ ತಾಗಿದ ಸಣ್ಣ ಜಾಗದಲ್ಲಿ, ಸುತ್ತ ಹಳೇ ತಗಡು ಹೂತು ಬೆಳೆಯುತ್ತೇವೆ. ಸಿಗುವುದು ಮನೆಗೆ ಸಾಕಾಗುವಷ್ಟು ಮಾತ್ರ. ಗೆಡ್ಡೆ ಮಾರಿ ಬದುಕುವವರಿಗೆ ಇದು ಪರಿಹಾರ ಅಲ್ಲ, ಅದು ನನಗೆ ಗೊತ್ತು. ಅವರಿಗೆ ಬೇಲಿಗೆ ಸಹಾಯಧನ ಬೇಕು, ಹಾನಿಗೆ ಬೇಗ ಹಣ ಬೇಕು. ಅದನ್ನು ಕೊಡದೆ ಉರುಳು ಹಾಕಬೇಡಿ ಅಂತ ಬರೀ ಬುದ್ಧಿ ಹೇಳಿದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ಇಲ್ಲಿವರೆಗೆ ಹೇಳಿದ್ದೆಲ್ಲ ಆನೆಯ ಹತ್ತಿರ ಬಂದಾಗ ನಿಂತುಬಿಡುತ್ತದೆ. ಅದಕ್ಕೆ ದಾರಿ ಬಿಡಿ, ಅದರ ಪಾಡಿಗೆ ಹೋಗುತ್ತದೆ ಅಂತ ನಾನು ಯಾರಿಗೂ ಹೇಳಲಾರೆ. ಕರ್ನಾಟಕದಲ್ಲಿ 2023ರ ಗಣತಿಯಂತೆ 6,395 ಆನೆಗಳಿದ್ದವು. ಹಾಸನ ಜಿಲ್ಲೆಯ ಆಲೂರು, ಸಕಲೇಶಪುರ, ಬೇಲೂರು, ನಮ್ಮ ಮೂಡಿಗೆರೆ ಕಡೆ ಅವು ಕಾಫಿ ತೋಟದಲ್ಲೇ ಹಗಲು ಕಳೆಯುತ್ತವೆ. ಹೈಕೋರ್ಟ್ ನೇಮಿಸಿದ್ದ ಆನೆ ಕಾರ್ಯಪಡೆ 2012ರಲ್ಲಿ ಕೊಟ್ಟ ವರದಿಯಲ್ಲಿ ರಾಜ್ಯದ ಆನೆ ಪ್ರದೇಶಗಳನ್ನು ಮೂರು ಮಾಡಿತ್ತು. ಆನೆಗೇ ಆದ್ಯತೆ ಇರಬೇಕಾದ ಜಾಗ, ಆನೆ ಮತ್ತು ಮನುಷ್ಯ ಜೊತೆಗೆ ಇರಬಹುದಾದ ಜಾಗ, ಆನೆಯನ್ನು ಬೇರೆಡೆಗೆ ಕಳಿಸಲೇಬೇಕಾದ ಜಾಗ. ಆನೆಯನ್ನು ಜೀವನವಿಡೀ ಓದಿದವರೇ ಎಲ್ಲ ಕಡೆ ಜೊತೆಬಾಳ್ವೆ ಆಗದು ಎಂದಮೇಲೆ ನಾನು ಬೇರೆ ಏನು ಹೇಳಲಿ? ಹಿಡಿಯುವುದೂ ಸುಲಭ ಅಲ್ಲ. ಎಂಟು ಸಲ ಅಂಬಾರಿ ಹೊತ್ತ ದಸರಾ ಆನೆ ಅರ್ಜುನ 2023ರ ಡಿಸೆಂಬರ್ 4ರಂದು ಸತ್ತದ್ದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ, ಕಾಡಾನೆ ಹಿಡಿಯುವ ಕೆಲಸದಲ್ಲಿ. ಆ ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಆನೆಯ ಜೊತೆ ಬದುಕುವ ಭಾರ ಎಲ್ಲರ ಮೇಲೂ ಒಂದೇ ಸಮ ಬೀಳುವುದಿಲ್ಲ. ಜೀಪ್ ಇರುವವರು ಮನೆಯಿಂದ ಗೇಟಿನವರೆಗೆ ಜೀಪಿನಲ್ಲಿ ಹೋಗುತ್ತಾರೆ. ಮಂಜು ಕರಗುವ ಮೊದಲು ನಡೆದುಕೊಂಡು ಕೆಲಸಕ್ಕೆ ಬರುವವರು ಲೈನ್ ಮನೆಯವರು, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳಲ್ಲಿ ಇರುವವರು. ಆನೆ ತುಳಿತಕ್ಕೆ ಸಿಕ್ಕವರ ಸುದ್ದಿ ಓದಿದರೆ ಹೆಚ್ಚಿನವರು ಕೂಲಿಗೆ ಹೊರಟವರೋ, ಮುಗಿಸಿ ಹೊರಟವರೋ ಆಗಿರುತ್ತಾರೆ. ನಮ್ಮಲ್ಲಿ ಕೊಯ್ಲಿಗೆ ಬರುವ ಒಬ್ಬ ಹೆಂಗಸು ಒಮ್ಮೆ ಹೇಳಿದರು, "ಆನೆ ಎಲ್ಲೈತೆ ಅಂತ ನಿಮ್ ಫೋನಿಗೆ ಬರ್ತದೆ ಅಮ್ಮಾ. ನಂದು ಬಟನ್ ಫೋನು, ಅದಕ್ಕೆ ಯಾವ ಗ್ರೂಪೂ ಇಲ್ಲ. ಬೆಳಗ್ಗೆ ಬಯಲ ಕಡೆ ಹೋಗೋಕ್ಕೆ ಕಾಲೇ ಬರಲ್ಲ."

ಅವತ್ತಿಂದ ಆನೆ ಹತ್ತಿರ ಇದೆ ಎಂದು ಸಂದೇಶ ಬಂದ ದಿನ ಅವರಿಗೆಲ್ಲ ನಾವೇ ಒಬ್ಬೊಬ್ಬರಿಗೆ ಫೋನ್ ಮಾಡುತ್ತೇವೆ. ಬಿಸಿಲು ಬಂದ ಮೇಲೆ ಕೆಲಸ ಶುರು, ಕೂಲಿಯಲ್ಲಿ ಕಡಿತ ಇಲ್ಲ. ಲೈನ್ ಮನೆಗೆ ತಾಗಿಯೇ ಶೌಚಾಲಯ ಕಟ್ಟಿಸಿದ್ದೇವೆ. ರಸ್ತೆಯಿಂದ ಅಲ್ಲಿಗೆ ಹೋಗುವ ಇಳಿಜಾರಿನಲ್ಲಿ ಇನ್ನೂ ದೀಪ ಇಲ್ಲ. ಅದು ಪಂಚಾಯ್ತಿ ದಾರಿ. ಅರ್ಜಿ ಕೊಟ್ಟಿದ್ದೇವೆ. ಹಲಸು ಹಣ್ಣಾಗುವ ಹೊತ್ತಿಗೆ ಆನೆಗಳು ಆ ದಾರಿಯಲ್ಲೇ ಹಳ್ಳ ದಾಟುತ್ತವೆ, ಅಷ್ಟರೊಳಗೆ ಎರಡು ಸೋಲಾರ್ ಕಂಬ ಆಗಲೇಬೇಕು. ಮುಂದಿನ ಗ್ರಾಮಸಭೆಗೆ ಈ ಸಲ ಲೈನ್ ಮನೆಯ ಹೆಂಗಸರೂ ಬರುತ್ತಾರೆ. ಅರ್ಜಿಯನ್ನು ಅವರೇ ಓದಿ ಹೇಳಲಿ ಅಂತ ಮಾತಾಡಿಕೊಂಡಿದ್ದೇವೆ.